ಕಮಲವ್ವ ಒಣಗಿಸಿದ ನಾರು

ಧಾರವಾಡದಿಂದ ಬೆಳಿಗ್ಗೆ ಹೊರಟ ಬಸ್ಸು ಗೋಕಾಕ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಹೆಂಗಸರಿಗೆ ಟಿಕೇಟು ಪುಕ್ಕಟೆ, ಆದರೆ ಸೀಟು ಯಾರೂ ಪುಕ್ಕಟೆ ಬಿಡುವುದಿಲ್ಲ. ಯರಗಟ್ಟಿಯವರೆಗೆ ನಿಂತೇ ಬಂದೆ. ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ತಿಂದು, ನಾದಿನಿ ಕಮಲವ್ವನಿಗೆ ಕರದಂಟು ಕಟ್ಟಿಸಿಕೊಂಡು ಮೂಡಲಗಿಯ ಬಸ್ಸು ಹತ್ತಿದೆ.

ಅವಳ ಮನೆಯಲ್ಲಿ ನನ್ನ ಗಂಡ ನಾರು ನೆನೆಸಿಟ್ಟ ಒಂದು ಬಕೆಟ್ಟು ಉಳಿದಿತ್ತು. ಅದನ್ನು ಹುಕ್ಕೇರಿಯಲ್ಲಿ ಕಾಗದ ಮಾಡುವವನಿಗೆ ಮುಟ್ಟಿಸುವುದಕ್ಕೇ ಈ ಪ್ರಯಾಣ. ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ನಿವೃತ್ತಿಯಾದ ಮೇಲೆ ತಂಗಿಯ ಹಿತ್ತಿಲಲ್ಲಿ ಕಬ್ಬಿನ ಸಿಪ್ಪೆ ಬೇಯಿಸಿ, ಅದರ ಸೆಲ್ಯುಲೋಸ್ ನಾರನ್ನು ಏನೇನೋ ರಾಸಾಯನಿಕದಲ್ಲಿ ನೆನೆಸಿ ಗುಣ ಬದಲಿಸುವ ಹುಚ್ಚು ಹತ್ತಿತ್ತು. ಕಾಗದ ಮಾಡಲು ಅರೆದ ರಾಡಿಗೆ ಅಂಥ ನಾರು ಒಂದು ಹಿಡಿ ಬೆರೆಸಿದರೆ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ, ಹಾಳೆ ನೀರಿಗೆ ಬಿದ್ದರೂ ಹರಿಯುವುದಿಲ್ಲ ಎನ್ನುತ್ತಿದ್ದರು. ಮಾಡುವ ಬಗೆಯೆಲ್ಲ ತಲೆಯಲ್ಲಿದೆ ಎನ್ನುತ್ತಿದ್ದರು. ಎರಡು ತಿಂಗಳ ಹಿಂದೆ ತೀರಿಕೊಂಡರು; ತಲೆಯಲ್ಲಿದ್ದದ್ದು ಅವರ ಜೊತೆಗೇ ಹೋಯಿತು. ಆ ಬಕೆಟ್ಟಿನಿಂದ ಒಂದೇ ಒಂದು ಹಾಳೆಯಾದರೂ ಆಗಲಿ, ಕಣ್ಣಿಂದ ನೋಡಿಬಿಡಬೇಕು ಎಂಬ ಆಸೆ ನನಗೆ.

ಕಮಲವ್ವ ನನ್ನ ಕೊರಳಿಗೆ ಬಿದ್ದು ಅತ್ತಳು. ಚಹಾ ಕೊಟ್ಟಳು. ಆಮೇಲೆ ಒಳಗಿನಿಂದ ಬಕೆಟ್ಟಲ್ಲ, ಒಂದು ಬಟ್ಟೆಯ ಚೀಲ ತಂದಳು. ಒಳಗೆ ಬೂದಿ ಬಣ್ಣದ ಗರಿಗರಿ ಚೂರುಗಳು.

"ವಾಸನಿ ಹೊಡ್ಯಾಕತ್ತಿತ್ತು ವೈನಿ. ಅಣ್ಣನ ಮಾಲು ಕೊಳೀಬಾರದಂತ ಮಾಳಿಗಿ ಮ್ಯಾಲ ಹರವಿ ಒಣಗಿಸೇನಿ."

ಆ ಮನೆಯಲ್ಲಿ ಮೆಣಸಿನಕಾಯಿ, ಶಾವಿಗೆ, ಸಂಡಿಗೆ ಎಲ್ಲವನ್ನೂ ಒಣಗಿಸಿಯೇ ಉಳಿಸುವುದು. ಆದರೆ ರಾಡಿಗೆ ಬೆರೆಸುವ ತನಕ ಈ ನಾರಿನ ತೇವ ಒಮ್ಮೆಯೂ ಆರಬಾರದು ಎಂದು ಅವರು ಹೇಳಿ ಹೇಳಿ ನನ್ನ ಕಿವಿ ತೂತು ಬಿದ್ದಿದ್ದವು. ತಂಗಿಗೆ ಹೇಳುವುದು ಯಾಕೆ ಮರೆತರೋ, ಪುಣ್ಯಾತ್ಮ! ಕಾಗೆ ಬಾರದಂತೆ ಹಗಲೆಲ್ಲ ಕೋಲು ಹಿಡಿದು ಕೂತಿದ್ದೆ ಎಂದು ಅವಳು ಹೇಳಿದಳು. "ಚಲೋ ಮಾಡೀದಿ" ಎಂದೆ. ನಾಡಿದ್ದು ಗೋಕಾಕ ಪ್ಯಾಟಿಗೆ ಬರುತ್ತೇನೆ, ನನಗೂ ಒಂದು ಹಾಳೆ ತಂದುಕೊಡು ಎಂದು ಕೇಳಿಕೊಂಡಳು.

ಮರುದಿನ ಗೋಕಾಕಕ್ಕೆ ತಿರುಗಿ ಬಂದು ಘಟಪ್ರಭಾ ದಾರಿ ಹಿಡಿದೆ. ಧುಪದಾಳದ ಹತ್ತಿರ ಮೋಡ ಕವಿದಿತ್ತು, ಮಳೆಯಿಲ್ಲ. ಹುಕ್ಕೇರಿಯಲ್ಲಿ ಬೀರಪ್ಪ ಕಾದಿದ್ದ. ಕುರುಬರ ಮನೆತನದವನು, ಅಣ್ಣತಮ್ಮಂದಿರು ಕುರಿ ಕಾಯುತ್ತಾರೆ. ಇವನು ಹಳೆ ಬಟ್ಟೆ, ರದ್ದಿ ಅರೆದು ಕೈಕಾಗದ ಮಾಡುತ್ತಾನೆ. ಅವನ ಕಾಗದದ ಚೀಲಗಳು ಮೊದಲ ಮಳೆಗೇ ಹರಿಯುತ್ತವೆ. ನನ್ನವರ ನಾರಿನ ದಾರಿಯನ್ನೇ ಕಾಯುತ್ತಿದ್ದ. ನಾನು ತಂದ ಚೀಲ ಬಿಚ್ಚಿ ಒಂದು ಚೂರು ಮುರಿದು ನೋಡಿದ. ಆಮೇಲೆ ಬಿಸಿನೀರಿನಲ್ಲಿ ನೆನೆಹಾಕಿದ. ರಾತ್ರಿ ಅವನ ತಾಯಿ ನುಚ್ಚು, ಮಜ್ಜಿಗೆ ಬಡಿಸಿದರು.

ಬೆಳಿಗ್ಗೆ ಎಷ್ಟು ಕುಟ್ಟಿದರೂ ಗಂಟುಗಳು ಬಿಡಲಿಲ್ಲ. ಆದರೂ ರಾಡಿಗೆ ಬೆರೆಸಿ ಜಾಲರಿಯಲ್ಲಿ ಎರಡು ಹಾಳೆ ಎತ್ತಿದ, ಇಸ್ತ್ರಿ ಹಚ್ಚಿ ಒಣಗಿಸಿದ. ಒಂದನ್ನು ತೊಟ್ಟಿಯ ನೀರಿಗೆ ಬಿಟ್ಟು ಮೂಲೆ ಹಿಡಿದು ಎತ್ತಿದೆವು. ಮೂಲೆ ಕೈಯಲ್ಲಿ ಉಳಿಯಿತು, ಹಾಳೆ ನೀರಿನಲ್ಲಿ ಉಳಿಯಿತು.

"ಒಮ್ಮಿ ಒಣಗಿದ್ರ ತಿರುಗಿ ಬಿಚ್ಚಂಗಿಲ್ರಿ ಅಕ್ಕಾರ" ಎಂದ ಬೀರಪ್ಪ. ನನಗೆ ಅಳು ತಡೆಯಲಾಗಲಿಲ್ಲ. ಅವರು ಹೋದ ದಿನವೂ ಇಷ್ಟು ಅತ್ತಿರಲಿಲ್ಲ.

ಉಳಿದ ಹಾಳೆಯನ್ನು ಸುರುಳಿ ಮಾಡಿಕೊಂಡು ಮಧ್ಯಾಹ್ನ ಗೋಕಾಕಕ್ಕೆ ಬಂದೆ. ಕಮಲವ್ವ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಹಾಳೆ ಬಿಡಿಸಿ ಗಂಟುಗಳ ಮೇಲೆ ಬೆರಳಾಡಿಸಿದಳು.

"ಗಟ್ಟಿ ಬಂದೈತೇನ್ ವೈನಿ? ನೀರಿಗೆ ಹರಿಯಂಗಿಲ್ಲಲ್ಲ?"

"ಹರಿಯಂಗಿಲ್ಲವ್ವಾ. ನಾನಽ ನೀರಾಗ ಹಾಕಿ ನೋಡೇನಿ" ಎಂದೆ.

ಅವಳು ನನ್ನ ಮುಖ ನೋಡಿದಳು, ಹಾಳೆಯನ್ನು ಮೆಲ್ಲಗೆ ಮತ್ತೆ ಸುರುಳಿ ಸುತ್ತಿದಳು. ಧಾರವಾಡದ ಬಸ್ಸು ಬಂತು, ಹತ್ತಿದೆ. ಬಸ್ಸು ತಿರುಗುವಾಗ ದಪ್ಪ ಹನಿ ಬೀಳತೊಡಗಿದವು. ಜನ ತಲೆಯ ಮೇಲೆ ಚೀಲ ಹಿಡಿದು ಓಡುತ್ತಿದ್ದರು. ಕಮಲವ್ವ ಓಡಲಿಲ್ಲ. ತಲೆಯ ಮೇಲಿನ ಸೆರಗು ತೆಗೆದು ಹಾಳೆಗೆ ಸುತ್ತಿ, ಎದೆಗೊತ್ತಿಕೊಂಡು, ಅದರ ಮೇಲೆ ಬಾಗಿ ನಿಂತಳು. ಅವಳ ಬೆನ್ನು ತೊಯ್ಯುತ್ತಿತ್ತು.