ಕ್ಯಾಮೆರಾಗೆ ಹಚ್ಚಿದ ಕುಂಕುಮ

ಮಕ್ಕಳೇ, ನಿಮ್ಮ ತಾತನನ್ನು ನೀವು ಫೋಟೋದಲ್ಲಿ ಮಾತ್ರ ನೋಡಿದ್ದೀರಿ. ಅವರನ್ನು ಜನ ಕಳ್ಳ ಅಂದಿದ್ದರು. ಈ ಮಾತು ಬೇರೆ ಯಾರಿಂದಲೋ ನಿಮ್ಮ ಕಿವಿಗೆ ಬೀಳುವುದು ಬೇಡ ಅಂತ ನಿಮ್ಮಜ್ಜಿ ನಾನೇ ಬರೆದಿಡುತ್ತಿದ್ದೇನೆ.

ತಾತ ತುಮಕೂರಿನ ಒಂದು ಕೊಬ್ಬರಿ ತುರಿ ಫ್ಯಾಕ್ಟರಿಯ ಲಾರಿ ಓಡಿಸುತ್ತಿದ್ದರು. ತುರಿಯ ಚೀಲಗಳನ್ನು ಕಂಟೇನರ್‌ಗೆ ತುಂಬಿ, ಬಾಗಿಲಿಗೆ ಸೀಲು ಹಾಕಿ, ಕುಣಿಗಲ್ ಮೇಲೆ ಮಂಗಳೂರು ಬಂದರಿಗೆ ಮುಟ್ಟಿಸುವುದು ಅವರ ಕೆಲಸ. ಲೋಡು ಮಾಡಿಸುತ್ತಿದ್ದ ಸೂಪರ್‌ವೈಸರ್ ಕುಣಿಗಲ್‌ನವನು. ಅಲ್ಲಿವರೆಗೂ ಲಾರಿಯಲ್ಲೇ ಬರುತ್ತಿದ್ದ. "ಮನೆ ಮುಂದೆ ಹೋಗ್ತಾ ಉಣ್ಣದೆ ಹೋದ್ರೆ ನಮ್ಮನೆಯವಳು ನನ್ನ ಬೈತಾಳೆ ಕಣಣ್ಣ, ಬಾ" ಅಂತ ಒಳಗೆ ಕರೆಯುತ್ತಿದ್ದ. ಮುದ್ದೆ, ಉಪ್ಪುಸಾರು.

ಒಂದು ಸಲ ಬಂದರಿನಲ್ಲಿ ಬಾಗಿಲು ತೆಗೆದಾಗ ಚೀಲಗಳು ಕಮ್ಮಿ ಇದ್ದವು. ಸೀಲು ಮಾತ್ರ ಹಾಕಿದ ಹಾಗೇ ಇತ್ತು. ಎಲ್ಲಾದರೂ ನಿಲ್ಲಿಸಿದ್ದೆಯಾ ಎಂದು ಓನರ್ ಕೇಳಿದಾಗ ತಾತ ಇಲ್ಲ ಅಂದುಬಿಟ್ಟರು. ನಾನು ಮನೆಯಲ್ಲಿ ಜಗಳವಾಡಿದೆ. "ಅವನ ಮನೇಲಿ ಉಂಡಿದ್ದು ಹೇಳಿ ಅಂದ್ರೆ!"

"ಉಂಡ ಮನೆ ಜಂತೆ ಎಣಿಸಬಾರ್ದು ಕಣೇ. ಆ ಹೆಣ್ಮಗಳು ಬಡಿಸಿದ್ದು ತಿಂದು, ಅವರ ಮನೆ ಹೆಸರು ಹೇಳ್ಲಾ?"

ಇವರು ಬಾಯಿಬಿಡಲಿಲ್ಲ. ಆ ಸೂಪರ್‌ವೈಸರ್ ಬಿಟ್ಟ. "ಸೀಲು ಒಡೀದೆ ಮಾಲು ತೆಗೆಯೋ ವಿದ್ಯೆ ಡ್ರೈವರ್‌ಗಳಿಗೇ ಗೊತ್ತು" ಅಂತ ಎಲ್ಲರೆದುರಿಗೆ ಹೇಳಿದ. ಕೆಲಸ ಹೋಯಿತು. ಗುಬ್ಬಿಯ ನಮ್ಮ ಬೀದಿಯಲ್ಲಿ ತಾತ ತಲೆ ಎತ್ತಿ ನಡೆಯುವುದನ್ನು ಬಿಟ್ಟರು. ಎರಡು ವರ್ಷಕ್ಕೆ ಹೋಗಿಯೇಬಿಟ್ಟರು.

ಆಮೇಲೆ ನಾನು ಅದೇ ಫ್ಯಾಕ್ಟರಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದೆ. ಹೊಟ್ಟೆಪಾಡು ಅಂತ ಜನ ಅಂದುಕೊಂಡರು. ಅರ್ಧ ನಿಜ. ಇನ್ನರ್ಧ, ಅವನ ಮೇಲೆ ಕಣ್ಣಿಡುವುದಕ್ಕೆ. ಅವನು ಅಕ್ಕ ಎಂದು ಕರೆದಾಗಲೆಲ್ಲ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದೆ. ಇವನ ಬಾಯಿಗೆ ಮಣ್ಣು ಬೀಳಲಿ ಅಂತ ಮನಸ್ಸಿನಲ್ಲಿ ಅನ್ನುತ್ತಿದ್ದೆ.

ಹೋದ ವರ್ಷ ಓನರ್ ಲಾರಿಗಳಿಗೆ ಜಿಪಿಎಸ್ ಹಾಕಿಸಿದರು. ಕಂಟೇನರ್ ಬಾಗಿಲನ್ನೇ ನೋಡುವ ಹಾಗೆ ಹಿಂದೆ ಒಂದು ಕಂಬಿಗೆ ಕ್ಯಾಮೆರಾ ಕೂರಿಸಿದರು. ಮಾಲು ಬಂದರಿನ ಗೇಟು ಮುಟ್ಟುವವರೆಗೂ ಆಫೀಸಿನ ಪರದೆಯಲ್ಲಿ ಕಾಣುತ್ತದೆ. ಲಾರಿ ಅಂದರೆ ನಕ್ಷೆಯ ಮೇಲೆ ಓಡುವ ಒಂದು ನೀಲಿ ಚುಕ್ಕಿ. ಒಂದು ಮಧ್ಯಾಹ್ನ ಗುಡಿಸುತ್ತಾ ನೋಡಿದೆ, ಚುಕ್ಕಿ ಕುಣಿಗಲ್‌ನಲ್ಲಿ ನಿಂತಿತ್ತು. ಪಕ್ಕದ ಕ್ಯಾಮೆರಾ ಚಿತ್ರವೆಲ್ಲ ಕೆಂಪು.

"ಏನವ್ವಾ ಇದು, ಏನೂ ಕಾಣಲ್ಲ?"

ಪರದೆ ನೋಡಿಕೊಳ್ಳುವ ಹುಡುಗಿ ನಕ್ಕಳು. "ಕುಂಕುಮ ಅಮ್ಮ. ಪೂಜೆ ಮಾಡಿ ಕ್ಯಾಮೆರಾಗೂ ಮೆತ್ತಿಬಿಡ್ತಾರೆ. ಮುತ್ತೈದೆ ಕ್ಯಾಮೆರಾ ನಮ್ದು."

ನನಗೆ ನಗು ಬರಲಿಲ್ಲ. ಮೆತ್ತುವವನು ಯಾರು ಅಂತ ನನಗೆ ಗೊತ್ತಿತ್ತು. ಪೂಜೆಯ ಕುಂಕುಮ ಒರೆಸಿದರೆ ಅಪಶಕುನ ಅಂತ ಯಾವ ಡ್ರೈವರೂ ಅದನ್ನು ಮುಟ್ಟುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

ಮುಂದಿನ ಲೋಡಿನ ದಿನ ಚಕ್ರಕ್ಕೆ ನಿಂಬೆಹಣ್ಣಿಟ್ಟರು, ಕಾಯಿ ಒಡೆದರು. "ಅಕ್ಕ, ಪೂಜೆ ಟೈಮು, ಒಸಿ ಆಚೆ ನಿಂತ್ಕೊ" ಅಂದ ಅವನು. ವಿಧವೆ ಎದುರಿಗೆ ಇರಬಾರದಲ್ಲ. ಹಿಂದಕ್ಕೆ, ಲಾರಿಯ ಬಾಲದ ಕಡೆಗೆ ಹೋಗಿ ನಿಂತೆ. "ಇದೂ ಒಂದು ಕಣ್ಣೇ ಅಲ್ವೇನ್ರೋ" ಎನ್ನುತ್ತಾ ಅವನು ಬಂದು ಕುಂಕುಮ ಕಲಸಿ ಕ್ಯಾಮೆರಾಗೆ ಹಚ್ಚಿ ಮುಂದೆ ಹೋಗಿ ಕ್ಯಾಬಿನ್ ಹತ್ತಿದ. ನಾನು ಸೆರಗಿನ ತುದಿ ಒದ್ದೆ ಮಾಡಿ ಗಾಜನ್ನು ಒರೆಸಿದೆ. ನನ್ನ ಹಣೆಯದನ್ನು ಒರೆಸುವಾಗ ಯಾರ ಕೈಯೂ ನಡುಗಿರಲಿಲ್ಲ. ನನ್ನ ಕೈಯೂ ನಡುಗಲಿಲ್ಲ.

ಮಧ್ಯಾಹ್ನ ಚುಕ್ಕಿ ನಿಂತಿತು. ನಾನು ಪೊರಕೆ ಹಿಡಿದು ಪರದೆಯ ಮುಂದೆಯೇ ಇದ್ದೆ. ಸ್ಪ್ಯಾನರ್ ಹಿಡಿದ ಇಬ್ಬರು ಬಂದರು. ಸೀಲನ್ನು ಮುಟ್ಟಲೇ ಇಲ್ಲ. ಬಾಗಿಲಿನ ಕೀಲಿನ ಬೋಲ್ಟುಗಳನ್ನು ಬಿಚ್ಚಿ, ಬಾಗಿಲನ್ನೇ ಓರೆ ಮಾಡಿ ಚೀಲ ಇಳಿಸತೊಡಗಿದರು. ಪಕ್ಕದಲ್ಲಿ ನಿಂತು ಬೇಗ ಬೇಗ ಎಂದು ಕೈ ಬೀಸುತ್ತಿದ್ದವನು ಅವನೇ. ಡ್ರೈವರ್ ಕಾಣಲಿಲ್ಲ, ತಾತನ ಹಾಗೇ ಒಳಗೆ ಉಣ್ಣುತ್ತಿದ್ದಿರಬೇಕು.

"ಸಾರ್! ಬೇಗ ಬನ್ನಿ ಸಾರ್!" ಹುಡುಗಿ ಓನರನ್ನು ಕೂಗಿದಳು.

ಮಾರನೇ ದಿನ ಅವನು ನನ್ನನ್ನು ಹುಡುಕಿಕೊಂಡು ಬಂದ. ಪೊಲೀಸ್ ಕಂಪ್ಲೇಂಟ್ ಬೇಡ ಅಂತ, ಅನ್ಯಾಯವಾದ ಮನೆಯವಳು ನಾನೇ ಹೇಳಿದರೆ ಓನರ್ ಕೇಳಬಹುದು ಅನ್ನುವ ಆಸೆ. "ಮಕ್ಕಳೊಂದಿಗ ಕಣಕ್ಕ. ಏನೋ ಆಗೋಯ್ತು, ಬುಡಕ್ಕ."

"ಗುಬ್ಬಿಗೆ ಬಾ. ನಮ್ಮ ಬೀದೀಲಿ ನಿಂತು ಹೇಳು" ಅಂದೆ. ಮುಂದೇನು ಮಾಡುತ್ತೇನೆ ಅಂತ ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.

ಭಾನುವಾರ ಬಂದ. ನಮ್ಮ ಮನೆ ಎದುರಿನ ಅಂಗಡಿ ಮುಂದೆ ಜನ ಇದ್ದರು. "ಚೀಲ ಕದ್ದಿದ್ದು ನಾನು. ಅಣ್ಣ ಕದೀಲಿಲ್ಲ" ಎಂದು ಗೊಣಗಿದ.

"ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಮೂರು ಸಲ ಹೇಳಿಸಿದೆ. ಮೂರನೇ ಸಲ ಅವನ ದನಿ ಒಡೆಯಿತು. ಕಾಲಿಗೆ ಬಿದ್ದ. ಕಾಲು ಹಿಂದೆ ತೆಗೆದುಕೊಂಡೆ. "ಅಕ್ಕ, ಇನ್ನು ಓನರ್‌ಗೆ ಒಂದು ಮಾತು..." ಅಂದ. "ಗುಬ್ಬಿ ಬಸ್‌ಸ್ಟ್ಯಾಂಡ್ ಆ ಕಡೆ ಐತೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸೋಮವಾರ ಪೊಲೀಸರು ಅವನನ್ನು ಕರೆದುಕೊಂಡು ಹೋದರು.

ಇಷ್ಟಾದ ಮೇಲಾದರೂ ಕ್ಷಮಿಸಿದೆಯಾ ಅಂತ ನಿಮ್ಮಮ್ಮ ಕೇಳಿದಳು. ಇಲ್ಲ. ಆ ಮೂರು ಮಾತನ್ನು ಕೇಳಬೇಕಾದವರು ಕೇಳಲೇ ಇಲ್ಲ.