ಕೂಸಿನ ಹಣೆಗೆ ಮುಟ್ಟಿಸಿದ ನೀರು

ನನ್ನ ಮಗಳು ಹುಟ್ಟಿದ್ದು ಹಾನಗಲ್ಲಿನಲ್ಲಿ, ನನ್ನ ತವರೂರಿನಲ್ಲಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬ ಡಾಕ್ಟರು ರೋಗಿಗಳು ಮಲಗಲು ನಾಲ್ಕು ಖಾಟು ಹಾಕಿಕೊಂಡು ದವಾಖಾನೆ ನಡೆಸುತ್ತಿದ್ದರು. ಈಗ ಆ ದವಾಖಾನೆಯೂ ಇಲ್ಲ, ಆ ಡಾಕ್ಟರೂ ಇಲ್ಲ. ಎಂಟು ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ನನಗೆ ಬೇನೆ ಶುರುವಾಯಿತು. ಅವ್ವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಡಾಕ್ಟರು ಹುಬ್ಬಳ್ಳಿಗೆ ಹೋಗಿದ್ದರು. ಇದ್ದವರು ನರ್ಸಬಾಯಿ ಒಬ್ಬರೇ.

ನಲವತ್ತೈದರ ಹತ್ತಿರದ, ಎತ್ತರದ ಹೆಂಗಸು. ಬೆಟಗೇರಿ ಕಡೆಯವರು, ಕ್ರಿಶ್ಚನ್ ಮಂದಿ. ಹಣೆ ಖಾಲಿ, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡರು.

ಕೂಸು ಹುಟ್ಟಿತು, ಅಳಲಿಲ್ಲ. ಕಿಟಕಿಯ ಹತ್ತಿರದ ಮೇಜಿನ ಮೇಲೆ ಅದನ್ನು ಮಲಗಿಸಿ ಬೆನ್ನು ತಿಕ್ಕಿದರು, ಕಾಲು ಹಿಡಿದು ತಲೆಕೆಳಗೆ ಮಾಡಿ ಬಡಿದರು, ಬಾಯಿಗೆ ಬಾಯಿಟ್ಟು ಊದಿದರು. ನಾನು ಅರ್ಧ ಎಚ್ಚರದಲ್ಲಿ ನೋಡುತ್ತಿದ್ದೆ. ಒಂದು ಸಲ ಅವರು ಕೈಬಿಟ್ಟು ಸುಮ್ಮನೆ ನಿಂತರು. ಆಮೇಲೆ ಪಕ್ಕದ ಬಟ್ಟಲಿನ ನೀರಿನಲ್ಲಿ ಬೆರಳು ಅದ್ದಿ ಕೂಸಿನ ಹಣೆ ಮುಟ್ಟಿದರು. ಅವರ ತುಟಿ ಅಲುಗಿತು. ಏನಂದರೋ ಕೇಳಿಸಲಿಲ್ಲ. ಮತ್ತೆ ಬಗ್ಗಿ ಊದಿದರು. ಸ್ವಲ್ಪ ಹೊತ್ತಿಗೆ ಬೆಕ್ಕಿನ ಮರಿ ಕೂಗಿದಂಥ ಒಂದು ದನಿ ಬಂತು.

ಆ ದನಿ ಕೇಳಿದ ಮೇಲೆ ನೀರಿನ ವಿಷಯ ನನ್ನ ತಲೆಯಿಂದ ಹೋಗಿಯೇ ಬಿಟ್ಟಿತ್ತು. ಅದನ್ನು ಮತ್ತೆ ನೆನಪಿಗೆ ತಂದುಕೊಟ್ಟವಳು ಅವ್ವ. ಮನೆಗೆ ಬಂದ ಮೇಲೆ ಬಾಣಂತಿ ಖೋಲಿಯಲ್ಲಿ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತ ಹಗುರವಾಗಿ ಅಂದಳು: "ನರ್ಸಬಾಯಿ ಛಲೋ ಹೆಂಗಸು. ಆದ್ರೂ ಅವರ ಮಂದಿ ಸಾಯೂ ಕೂಸಿನ ತಲಿ ಮ್ಯಾಲೆ ನೀರು ಹಾಕಿ, ಏನೋ ಮಂತ್ರಾ ಅಂದು, ತಮ್ಮ ಮತಕ್ಕ ಸೇರಿಸ್ಕೋತಾರಂತ. ಪುಣ್ಯಾಕ್ಕ ಹಂಗೇನೂ ಆಗಲಿಲ್ಲ."

ನಾನು ಮಗ್ಗುಲಲ್ಲಿ ಮಲಗಿದ್ದ ಕೂಸಿನ ಹಣೆಯನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಆದರೂ ನೋಡಿದೆ.

ಐದು ತಿಂಗಳಾದ ಮೇಲೆ ಕೂಸನ್ನು ಕರೆದುಕೊಂಡು ಸವಣೂರಿಗೆ, ಗಂಡನ ಮನೆಗೆ ಬಂದೆ. ನಮ್ಮದು ವೈಷ್ಣವರ ಮನೆ. ಮಾವ ಶಾಸ್ತ್ರ ಓದಿದವರು. ಬೆಳಿಗ್ಗೆ ಪಡಸಾಲೆಯಲ್ಲಿ ಇಬ್ಬರು ಮೂವರಿಗೆ ಪಾಠ ಹೇಳುತ್ತಿದ್ದರು. ಅತ್ತೆಯ ಮಡಿ ಊರಿಗೆಲ್ಲ ಗೊತ್ತಿದ್ದದ್ದು. ನನ್ನ ಯಜಮಾನರು ಯಲವಿಗಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದರು. ಒಂದು ದಿನ ತಡೆಯಲಾರದೆ ಅವರಿಗೆ ಹೇಳಿದೆ, ಯಾರಿಗೂ ಹೇಳಬಾರದು ಅಂತ ಮಾತು ತಗೊಂಡು. ವಾರದೊಳಗೆ ಅತ್ತೆಗೆ ಗೊತ್ತಾಯಿತು. ಯಜಮಾನರು ಕೆಟ್ಟವರಲ್ಲ. ತಾಯಿಯ ಮುಂದೆ ಅವರ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ಅಷ್ಟೇ.

ಅತ್ತೆ ಕೂಗಾಡಲಿಲ್ಲ. ಪುರೋಹಿತರನ್ನು ಕರೆಸಿ ಕೂಸಿಗೆ ಪಂಚಗವ್ಯ ಹಾಕಿಸಿದರು, ಹೋಮ ಮಾಡಿಸಿದರು. ನನ್ನನ್ನು ಮಾತ್ರ ಕೇಳಿದರು: "ನಿನ್ನ ಕಣ್ಣಾರೆ ನೋಡೀಯಲ್ಲ?"

"ಬೆರಳು ಅದ್ದಿದ್ದು ನೋಡೀನಿ ಅತ್ಯಾ. ಏನಂದ್ರು ಅನ್ನೂದು ಕೇಳಿಲ್ಲ."

"ಸುಮ್ಮನ ಯಾರರ ತುಟಿ ಅಲುಗಿಸ್ತಾರೇನು?" ಅಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಎತ್ತದೆಯೇ ಅದು ಎಲ್ಲಾ ಕಡೆ ಇತ್ತು. ಮೈದುನನ ಹೆಣ್ಣುಮಕ್ಕಳು ದೇವರ ಮುಂದೆ ರಂಗೋಲಿ ಹಾಕುತ್ತಿದ್ದರು, ಹೂಬತ್ತಿ ಹೊಸೆಯುತ್ತಿದ್ದರು. ನನ್ನ ಮಗಳನ್ನು ಆ ಹೊತ್ತಿಗೆ ಸರಿಯಾಗಿ ಏನೋ ತರಲು ಅಂಗಡಿಗೆ ಕಳಿಸುತ್ತಿದ್ದರು. ಅವಳು ಹಟ ಮಾಡಿದರೆ, ಬಿದ್ದು ಅತ್ತರೆ, ಅತ್ತೆ ನನ್ನ ಮುಖ ನೋಡುತ್ತಿದ್ದರು. ನಾನೂ ಕಡಿಮೆಯವಳಲ್ಲ. ಎಲ್ಲಾ ಮಕ್ಕಳೂ ಹೀಗೇ ಅಂತ ಬಾಯಲ್ಲಿ ಅನ್ನುತ್ತಿದ್ದೆ. ಆದರೆ ನಿದ್ದೆಯಲ್ಲಿ ಅವಳು ಏನಾದರೂ ಬಡಬಡಿಸಿದರೆ ಕಿವಿಗೊಟ್ಟು ಕೇಳುತ್ತಿದ್ದೆ, ಯಾವ ದೇವರ ಹೆಸರಾದರೂ ಬರುತ್ತದೋ ಅಂತ. ಹೆತ್ತ ಮಗಳ ಮೇಲೆ ಸಂಶಯ ಮೊದಲು ಹುಟ್ಟಿದ್ದು ನನ್ನಲ್ಲೇ. ಅತ್ತೆಗೆ ಅದನ್ನು ಕೊಟ್ಟವಳು ನಾನು.

ಅವಳಿಗೆ ಏಳು ವರ್ಷವಿದ್ದಾಗ ಒಂದು ಏಕಾದಶಿ. ದೊಡ್ಡವರದು ನಿರ್ಜಲ, ಮಕ್ಕಳಿಗೆ ಹಣ್ಣು ಹಾಲು. ಮಧ್ಯಾಹ್ನ ಹುಡುಗಿ ಕಾಣಲಿಲ್ಲ. ಹುಡುಕಿದರೆ ಹಿತ್ತಲ ಆಚೆ ಎಲೆಬಳ್ಳಿ ತೋಟದ ಬೇಲಿಗೆ ಒರಗಿ ಕೂತಿದ್ದಳು. ಕೈಯಲ್ಲಿ ಪೇಟೆಯ ಅಂಗಡಿಯ ಕುರುಕಲು ಖಾರದ ಪೊಟ್ಟಣ. ಅತ್ತೆಯೇ ರಟ್ಟೆ ಹಿಡಿದು ಕರೆತಂದರು.

"ಏನು ತಿಂದಿ?"

"ಏನೂ ತಿಂದಿಲ್ಲ."

ಗದ್ದಕ್ಕೆ ಖಾರದ ಪುಡಿ ಮೆತ್ತಿತ್ತು. ನಮ್ಮ ಮನೆಯೊಳಗೆ ಬರಬಾರದ ಬೆಳ್ಳುಳ್ಳಿಯ ವಾಸನೆ ಪಡಸಾಲೆ ತುಂಬ.

"ಮುಖದ ಮ್ಯಾಲೆ ಇಟಗೊಂಡು ಸುಳ್ಳು ಹೇಳ್ತದ ನೋಡ್ರಿ ಇದು," ಅತ್ತೆ ಮಾವನ ಕಡೆ ತಿರುಗಿದರು. "ಇದು ಕಲಿತದ್ದಲ್ಲ. ಹುಟ್ತಾನೇ ಬಂದದ್ದು. ಆ ನೀರಿನ ಗುಣ."

ಏಳು ವರ್ಷದಲ್ಲಿ ಮೊದಲ ಸಲ ಆ ಮಾತು ಹುಡುಗಿಯ ಎದುರಿಗೇ ಬಂತು. ಮಾವ ಓದುತ್ತಿದ್ದ ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದರು. "ನೀರಿನಿಂದ ಗುಣಾ ಬರೂದೂ ಇಲ್ಲ, ಹೋಗೂದೂ ಇಲ್ಲ," ಅಂದರು. "ಜೀವದ ಸ್ವಭಾವ ಅನಾದಿ. ಸಾತ್ವಿಕ ಜೀವ ಬ್ಯಾರೆ, ರಾಜಸ ಬ್ಯಾರೆ, ತಾಮಸ ಬ್ಯಾರೆ. ಅದನ್ನ ಯಾರೂ ಬದಲು ಮಾಡ್ಲಿಕ್ಕಾಗೂದಿಲ್ಲ."

ಅವರು ಮೊಮ್ಮಗಳ ಪರವಾಗಿಯೇ ಹೇಳಿದ್ದು. ಆದರೆ ಹುಡುಗಿ ಅವರ ಮುಂದೆ ಹೋಗಿ ನಿಂತು, "ಅಜ್ಜಾ, ನಾ ಯಾವ ಜೀವ?" ಅಂತ ಕೇಳಿದಳು.

ಮಾವ ಅವಳನ್ನು ನೋಡಿದರು. ಎಷ್ಟೋ ಜನರ ಜೊತೆ ವಾದ ಮಾಡಿ ಗೆದ್ದ ಮನುಷ್ಯ. "ಅದು ದೇವರಿಗೇ ಗೊತ್ತು, ಮಗಾ," ಅಂದರು.

ಆ ಸಂಜೆ ನಾನು ಅವಳ ತಲೆ ಬಾಚುವಾಗ ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಅವ್ವಾ, ನಾ ಹುಟ್ತಾನೇ ಕೆಟ್ಟಾಕಿ ಏನು?" ನನಗೆ ತಕ್ಷಣ ಇಲ್ಲ ಅನ್ನಲು ಬರಲಿಲ್ಲ. ಒಂದು ಉಸಿರಿನಷ್ಟು ತಡವಾಯಿತು. ಆ ತಡ ಅವಳಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು.

ನರ್ಸಬಾಯಿ ಕೆಲಸ ಬಿಟ್ಟು ತಡಸದಲ್ಲಿ ತಮ್ಮನ ಮನೆಯಲ್ಲಿದ್ದಾರೆ ಅಂತ ಅವ್ವ ಹಿಂದೆ ಒಂದು ಪತ್ರದಲ್ಲಿ ಬರೆದಿದ್ದಳು. ಶಿಗ್ಗಾಂವಿಯಲ್ಲಿ ಗೆಳತಿಯ ಮನೆಗೆ ಹೋಗಿಬರುತ್ತೇನೆ ಅಂತ ಅತ್ತೆಗೆ ಹೇಳಿ, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಶಿಗ್ಗಾಂವಿಯಲ್ಲಿ ಇಳಿದು ತಡಸದ ಬಸ್ಸು ಹಿಡಿದೆ.

ಮನೆ ಊರ ಕೊನೆಗಿತ್ತು. ಅಂಗಳದಲ್ಲಿ ಕೋಳಿ. ಡಬ್ಬಿಗಳಲ್ಲಿ ಬೆಳೆಸಿದ ಗುಲಾಬಿ. ನರ್ಸಬಾಯಿ ಏಳೇ ವರ್ಷದಲ್ಲಿ ಮುದುಕಿಯಂತಾಗಿದ್ದರು. ಹಾನಗಲ್ಲಿನ ಹೆಸರು ಹೇಳಿ, ಎಂಟು ತಿಂಗಳಿಗೇ ಹುಟ್ಟಿದ ಕೂಸು ಅಂದಾಗ ಗುರುತು ಹಿಡಿದರು. ಆದರೆ ಮುಖ ಅರಳಲಿಲ್ಲ. ಬೀದಿಯ ಕಡೆ ಒಮ್ಮೆ ನೋಡಿ, "ಯಾರು ಕಳಿಸ್ಯಾರ್ರಿ ನಿಮ್ಮನ್ನ?" ಅಂದರು.

"ಯಾರೂ ಕಳಿಸಿಲ್ಲ. ನಾನಾಗೇ ಬಂದೀನಿ."

"ಮನ್ಯಾಗ ಗೊತ್ತೈತೇನ್ರಿ?"

"ಇಲ್ಲ."

"ಹಂಗಾರ ಒಳಗ ಬರ್ರಿ," ಅಂದು ಚಾಪೆ ಹಾಸಿದರು. ಮಗಳು ಕೋಳಿಮರಿ ನೋಡುತ್ತ ಅಂಗಳದಲ್ಲೇ ಉಳಿದಳು. ನರ್ಸಬಾಯಿ ಚಾ ಮಾಡಲು ಎದ್ದರು. ನಾನು ಬೇಡ ಅಂದೆ. ಯಾಕೆ ಬೇಡ ಅಂತ ಅವರಿಗೆ ತಿಳಿಯಿತು, ಮತ್ತೆ ಕೇಳಲಿಲ್ಲ.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ಬಾಯಾರ, ಅವತ್ತ ನೀವು ನನ್ನ ಕೂಸಿನ ಹಣಿಗೆ ನೀರು ಮುಟ್ಟಿಸಿದ್ರಿ. ನಾ ನೋಡೀನಿ. ಅದು ಏನು ಅಂತ ಹೇಳ್ರಿ."

ಅವರು ಸೆರಗಿನ ತುದಿ ಸುರುಳಿ ಸುತ್ತಿದರು. ಆಮೇಲೆ ತಮ್ಮ ತಂದೆಯಿಂದ ಶುರುಮಾಡಿದರು. "ನಮ್ಮಪ್ಪ ಹಳ್ಳಿ ಹಳ್ಳಿ ತಿರುಗಿ ಉಪದೇಶ ಮಾಡಾಂವರಿ. ಮೊದಲನೇ ಮನುಷ್ಯ ದೇವರ ಮಾತು ಮೀರಿದ, ಆ ಪಾಪ ಅವನ ಮಕ್ಕಳು ಮೊಮ್ಮಕ್ಕಳು ಎಲ್ಲಾರಿಗೂ ಬಂದೈತಿ, ಪಾಪ ಇಲ್ಲದ ಯಾರೂ ಹುಟ್ಟಂಗಿಲ್ಲ ಅಂತ ಹೇಳಾಂವ."

"ಆಗ ತಾನೇ ಹುಟ್ಟಿದ ಕೂಸಿಗೂ ಪಾಪಾನ?"

"ಅದು ಏನೂ ಮಾಡಿರಂಗಿಲ್ಲ, ಖರೆ. ಆದ್ರ ಮನಷ್ಯಾರ ಹೊಟ್ಟ್ಯಾಗ ಹುಟ್ಟೇತೆಲ್ರಿ. ಅದಕ್ಕ ತಲಿ ಮ್ಯಾಲೆ ನೀರು ಹಾಕಿ ದೀಕ್ಷಾಸ್ನಾನ. ನನ್ನ ಮೊದಲನೇ ಕೂಸು ಎರಡು ದಿವಸಕ್ಕ ಹೋತು. ಪಾದ್ರಿಯವರು ಬರೂದರಾಗ ಹೋತು, ನೀರು ಬೀಳಲಾರದ. ಅದು ಎಲ್ಲಿಗೆ ಹೋತು ಅಂತ ನಮ್ಮಪ್ಪನ್ನ ಕೇಳಿದೆ. ದೇವರಿಗೆ ಗೊತ್ತು ಅಂದ. ಊರಿಗೆಲ್ಲ ಹೇಳಾಂವ, ನನಗ ಅಷ್ಟ ಹೇಳಿದ."

ನನ್ನ ಮಾವ ಹೇಳಿದ್ದೂ ಅದೇ ಮಾತು.

"ಅದಾದ ಮ್ಯಾಲೆ ನಮ್ಮ ಮಂದಿ ಕೂಸು ಸಾಯೂ ಹಂಗಿದ್ರ ನಾನ ನೀರು ಹಾಕ್ತಿದ್ದೆ. ಅವರು ಕೇಳಿದ್ರ."

"ನನ್ನ ಕೂಸಿಗೆ? ನಾವು ಕೇಳಿರಲಿಲ್ಲಲ್ಲ."

"ಬೆರಳು ಅದ್ದಿದ್ದು ಖರೇರಿ. ಕೈ ತಂತಾನ ಹೋತು. ಹಣಿ ಮುಟ್ಟಿದೆ. ದೀಕ್ಷಾಸ್ನಾನದ ಮಾತು ಬಾಯಿತನಕ ಬಂತು. ನಿಮ್ಮನ್ನ ನೋಡಿದೆ, ನೀವು ಕಣ್ಣು ಬಿಟ್ಟು ನನ್ನನ್ನ ನೋಡಾಕತ್ತಿದ್ರಿ. ಬ್ಯಾರೆ ಮಂದಿ ಕೂಸು, ಕೇಳಲಾರದ ಹೆಂಗ ಅನ್ನೂದು ಅಂತ ಬಿಟ್ಟೆ. ಆ ಮಾತು ಅನ್ನಲಿಲ್ಲಂದ್ರ ಅದು ಬರೇ ನೀರರಿ."

"ನಿಮ್ಮ ತುಟಿ ಅಲುಗಿದ್ವು."

"ಉಸುರಾಡು, ಉಸುರಾಡು ಅನ್ನಾಕತ್ತಿದ್ದೆ."

ಅವರ ಮುಖವನ್ನೇ ನೋಡಿದೆ. ಏನೂ ತಿಳಿಯಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೋ, ತಮ್ಮನ ಮನೆಗೆ ತೊಂದರೆ ಬರಬಾರದು ಅಂತ ಹೇಳುತ್ತಿದ್ದಾರೋ, ನಿಜವೋ.

"ಆಣಿ ಮಾಡಿ ಹೇಳ್ರಿ," ಅಂದೆ.

"ಆಣಿ ಮಾಡೂದು ನಮ್ಮಾಗ ಬ್ಯಾಡ ಅಂತಾರ್ರಿ," ಅಂದರು. ಆಮೇಲೆ ಅಂಗಳದ ಕಡೆ ನೋಡಿ, "ಹುಡುಗಿ ಹೆಂಗದಾಳ್ರಿ?" ಅಂತ ಕೇಳಿದರು.

"ಸುಳ್ಳು ಹೇಳ್ತಾಳ. ಆ ನೀರಿನಿಂದ ಹಿಂಗಾಗ್ಯಾಳ ಅಂತಾರ ನಮ್ಮ ಮನ್ಯಾಗ."

ಅವರು ಮೊದಲ ಸಲ ನಕ್ಕರು. "ನಮ್ಮಾಗ ಪಾಪ ತೊಳ್ಯಾಕ ನೀರು ಹಾಕ್ತಾರ್ರಿ. ನಿಮ್ಮಾಗ ನೀರಿನಿಂದನ ಪಾಪ ಬಂತು ಅಂತೀರಿ. ಕೂಸು ಎಲ್ಲಿ ಹೋಗಬೇಕು, ಪಾಪ!"

ನನಗೆ ಸಿಟ್ಟು ಬಂತು. ನಮ್ಮ ಮನೆಯವರ ಬಗ್ಗೆ ಈಕೆ ನಗುವುದೇ ಅಂತ. ಎದ್ದು ಬಂದುಬಿಟ್ಟೆ. ಅವರು ಬಾಗಿಲ ತನಕ ಬಂದು ಮಗಳ ತಲೆ ಮುಟ್ಟಲು ಕೈ ಎತ್ತಿದರು. ನಾನು ಅವಳನ್ನು ಸರಕ್ಕನೆ ನನ್ನ ಕಡೆ ಎಳೆದುಕೊಂಡೆ. ಎತ್ತಿದ ಕೈ ಅವರು ಹಾಗೇ ಇಳಿಸಿಕೊಂಡರು.

ಸವಣೂರಿನಲ್ಲಿ ಚಪ್ಪಲಿ ಬಿಡುವ ಮೊದಲೇ ಮಗಳು ಅಜ್ಜಿಯ ಹತ್ತಿರ ಓಡಿದಳು. "ಅಜ್ಜೀ, ತಡಸಕ್ಕ ಹೋಗಿದ್ವಿ. ನರ್ಸಬಾಯಿ ಮನ್ಯಾಗ ಹನ್ನೊಂದು ಕೋಳಿಮರಿ ಅವ!"

ಹುಟ್ಟು ಸುಳ್ಳುಗಾತಿ ಅಂತ ನಾವು ಹೆಸರಿಟ್ಟ ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಸಿಕ್ಕಿಬಿದ್ದವಳು ನಾನು. ಅತ್ತೆ ನನ್ನ ಕಡೆ ತಿರುಗಿದರು. "ಶಿಗ್ಗಾಂವಿ ಗೆಳತಿ ತಡಸದಾಗ ಇರ್ತಾಳೇನು?"

ಎಲ್ಲಾ ಹೇಳಿದೆ. ಕೊನೆಗೆ ಒಂದು ಸೇರಿಸಿದೆ: "ಅಂದಿಲ್ಲ ಅಂತ ಆಣಿ ಮಾಡಿ ಹೇಳ್ಯಾರ ಅತ್ಯಾ."

"ಅಕಿ ಮಾಡಿದ್ಲೋ, ನೀ ಮಾಡ್ಲಿಕ್ಕತ್ತೀಯೋ?"

ಪಡಸಾಲೆಯಿಂದ ಮಾವ ಕೇಳಿದರು: "ಮಂತ್ರ ಅಂದಿಲ್ಲಂತೇನು?"

"ಇಲ್ಲಂತ್ರಿ."

"ಮಂತ್ರ ಇಲ್ಲದ ಕ್ರಿಯಾ ಕ್ರಿಯಾನೇ ಅಲ್ಲ. ಮುಗೀತು, ಇನ್ನ ಆ ಮಾತು ಬಿಡ್ರಿ," ಅಂದರು.

ಮಾವನ ಮಾತನ್ನು ಅತ್ತೆ ಮೀರುವವರಲ್ಲ. ಮುಂದಿನ ಹಬ್ಬಕ್ಕೆ ಮಗಳನ್ನು ಬತ್ತಿ ಹೊಸೆಯಲು ತಾವೇ ಕರೆದರು. ಅವಳು ಎರಡು ದಿನ ಕುಣಿದಾಡಿದಳು. ಆದರೆ ಅವಳು ಹೊಸೆದ ಬತ್ತಿಗಳನ್ನು ಅತ್ತೆ ಬೇರೆ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಆ ಡಬ್ಬಿ ದೇವರ ಕೋಣೆಯ ಗೋಡೆ ಮಾಡದಲ್ಲಿ ವರ್ಷಗಟ್ಟಲೆ ತುಂಬಿಯೇ ಇತ್ತು. ಅವರು ತೀರಿಕೊಂಡ ಮೇಲೆ ಅದನ್ನು ತೆಗೆದು ನೋಡಿದವಳು ನಾನು. ಮಗಳಿಗೆ ಹೇಳಲಿಲ್ಲ.

ಉಳಿದದ್ದನ್ನು ನಾನು ಅವಳಿಗೆ ಹೇಳಿದ್ದು, ಅವಳು ಹಿರೇಕೆರೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಪಿಯುಸಿ ಓದುವಾಗ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳು ಊರಿಗೆ ಬಂದಿದ್ದ ಒಂದು ಭಾನುವಾರ ಬಟ್ಟೆ ಮಡಚುತ್ತ ಇಬ್ಬರೇ ಕೂತಾಗ ಮೊದಲಿನಿಂದ ಕೊನೆಯ ತನಕ ಹೇಳಿದೆ. ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಅಕಿ ಬಾಯಿಗೆ ಬಾಯಿಟ್ಟು ಊದಿದ್ದಕ್ಕ ನಾ ಉಳದೆ. ಅದಕ್ಕ ನೀವು ಯಾರರ ಅಕಿಗೆ ಒಂದು ಮಾತು ಛಲೋ ಅಂದೀರೇನು?"

ತಡಸಕ್ಕೆ ಹೋದ ದಿನ ಒಂದು ಡಜನ್ ಬಾಳೆಹಣ್ಣು ಕೂಡ ಒಯ್ದಿರಲಿಲ್ಲ ನಾನು.

ಮುಂದಿನ ತಿಂಗಳು ಅವಳು ಯಾರನ್ನೂ ಕೇಳದೆ ಒಬ್ಬಳೇ ತಡಸಕ್ಕೆ ಹೋದಳು. ಸವಣೂರಿಗೆ ಬಂದ ಮೇಲೆ ನನಗೆ ಹೇಳಿದಳು. ನರ್ಸಬಾಯಿ ಇನ್ನೂ ಇದ್ದರಂತೆ, ಕಣ್ಣು ಮಂಜಾಗಿತ್ತಂತೆ. ಇವಳ ಮುಖವನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರಂತೆ.

"ನೀರಿನ ಮಾತು ಕೇಳಿದೇನು?" ಅಂದೆ.

"ಕೇಳಲಿಲ್ಲ."

"ಮತ್ತ ಇಡೀ ಮಧ್ಯಾಹ್ನ ಏನು ಮಾತಾಡಿದ್ರಿ?"

"ಹಂಗ ಸುಮ್ಮನ ಏನೇನೋ," ಅಂದಳು. ಅಷ್ಟು ಹೇಳಿ ಪುಸ್ತಕ ತೆಗೆದುಕೊಂಡು ಕೂತಳು. ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ ಇರಲಿಕ್ಕಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.