ಮಾಷ್ಟ್ರು ಸೋಲದ ಆಟ

ಮೊನ್ನೆ ಮೊಣಕಾಲು ನೋವಿಗೆಂದು ಬಿ.ಸಿ. ರೋಡಿನ ಅಂಗಡಿಯಿಂದ ತೈಲ ತಂದೆ. ಮುಚ್ಚಳ ತೆರೆದದ್ದೇ, ಆ ಘಾಟು ವಾಸನೆಗೆ ನೆರೆಮನೆಯ ಗಣಿತದ ಮಾಷ್ಟ್ರು ನೆನಪಾದರು...

ನಿವೃತ್ತರಾದ ಸ್ವಲ್ಪ ಸಮಯಕ್ಕೇ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಸೋತಿತು, ಮಾತು ತಡವರಿಸತೊಡಗಿತು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರ ಹೆಂಡತಿ ದಿನವೂ ಅದೇ ತೈಲ ತಿಕ್ಕುತ್ತಿದ್ದರು. ಮಾಷ್ಟ್ರಿಗೆ ಕೈಗಿಂತ ತಲೆಯದೇ ಚಿಂತೆ. ಅದು ಮೊದಲಿನಂತೆ ಉಂಟೋ ಇಲ್ಲವೋ ನೋಡಬೇಕೆಂದು ಮೂಡುಬಿದಿರೆಯ ಚೆಸ್ ಟೂರ್ನಮೆಂಟಿಗೆ ಹೆಸರು ಕೊಟ್ಟರು. ಕಾರಿನಲ್ಲಿ ಕರೆದೊಯ್ಯುವ ಕೆಲಸ ನನ್ನದಾಯಿತು.

ಹೊರಡುವಾಗ ಅಕ್ಕ ಗೇಟಿನ ಬಳಿ ನನ್ನನ್ನು ತಡೆದರು. "ಸೋತರೆ ಇನ್ನು ಬೋರ್ಡ್ ಮುಟ್ಟುವುದಿಲ್ಲ ಅಂತ ಹೇಳಿದ್ದಾರೆ. ಅದೂ ಹೋದರೆ ಅವರಿಗೆ ಮತ್ತೆ ಏನುಂಟು?"

ಮೊದಲ ಸುತ್ತಿಗೆ ಎದುರು ಕುಳಿತವನು ಚುರುಕಾದ ಕಾಲೇಜು ಹುಡುಗ. ಬಿಳಿ ಕಾಯಿ ಅವನದು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದ. ಮಾಷ್ಟ್ರು ಬೋರ್ಡನ್ನೇ ನೋಡುತ್ತ ಕುಳಿತರು. ಆಟವೇ ಮರೆತುಹೋಯಿತೇ ಎಂದುಕೊಂಡೆ. ಕೊನೆಗೆ ಎಡಗೈ ಮುಂದೆ ಬಂತು. ತಮ್ಮ ರಾಜನ ಕಾಲಾಳನ್ನು ಒಂದೇ ಒಂದು ಮನೆ ಸರಿಸಿದರು. ಫ್ರೆಂಚ್ ಡಿಫೆನ್ಸ್! ಜೀವಮಾನವಿಡೀ ಅವರು ಆಡುತ್ತಿದ್ದ ಆರಂಭ ಅದು.

ಆದರೆ ಆಟದ ನಡುವೆ ಮಾಷ್ಟ್ರ ಒಂದು ಆನೆ ಹೋಯಿತು. ಗಡಿಯಾರದಲ್ಲಿ ಸಮಯವೂ ಕರಗುತ್ತಿತ್ತು. ಇನ್ನು ಮುಗಿಯಿತು ಎಂದುಕೊಳ್ಳುವಾಗ ಅವರ ರಾಣಿ ಎದುರಾಳಿಯ ಕೋಟೆಯೊಳಗೆ ನುಗ್ಗಿ ಚೆಕ್ ಕೊಟ್ಟಿತು. ರಾಜ ಮೂಲೆಯಿಂದ ಪಕ್ಕದ ಮನೆಗೆ ಸರಿದ. ಮತ್ತೆ ಚೆಕ್. ರಾಜ ಪುನಃ ಮೂಲೆಗೆ... ಹುಡುಗನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಮಾಷ್ಟ್ರಿಗೆ ಗೆಲ್ಲುವ ದಾರಿಯಿಲ್ಲ.

"ಡ್ರಾ ಮಾಡುವ, ಸರ್" ಎಂದು ಹುಡುಗ ನಕ್ಕು ಕೈಚಾಚಿದ. ಮಾಷ್ಟ್ರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಅವನ ಕೈಯಲ್ಲಿಟ್ಟರು.

ಹೊರಗೆ ಬಂದವರೇ, "ತಲೆ ಉಂಟು ಮಾರಾಯ!" ಎಂದರು. ಒಂದಕ್ಷರವೂ ತಡವರಿಸಲಿಲ್ಲ. ಫೋನಿನಲ್ಲಿ ಹೇಳಿದಾಗ ಅಕ್ಕ, "ಚಾ ಕುಡಿದರಾ ಕೇಳು" ಎಂದರು. ಅವರ ದನಿ ಒದ್ದೆಯಾಗಿತ್ತು.

ಮಧ್ಯಾಹ್ನದ ಆಟ ಮಾಷ್ಟ್ರು ಸೋತರು. ನಾನು ಹೆದರಿ ಮುಖ ನೋಡಿದರೆ, "ಅವ ಒಳ್ಳೆದು ಆಡಿದ" ಎಂದರಷ್ಟೆ. ಬೋರ್ಡ್ ಬಿಡುವ ಮಾತೇ ಬರಲಿಲ್ಲ. ಆಮೇಲಿನ ವರ್ಷಗಳಲ್ಲಿ ಸಂಜೆಯಾದರೆ ಜಗಲಿಯಲ್ಲಿ ಅಕ್ಕನನ್ನು ಕೂರಿಸಿ ಆಟ ಕಲಿಸಿದರು.

ಕಳೆದ ವರ್ಷ ಮಾಷ್ಟ್ರು ತೀರಿಕೊಂಡರು. ಈಗ ಕೆಲವು ಸಂಜೆ ಅಕ್ಕನೇ ನನ್ನನ್ನು ಆಟಕ್ಕೆ ಕರೆಯುತ್ತಾರೆ. ನಾನು ತಪ್ಪು ಕಾಯಿ ನಡೆಸಿದಾಗ ಅವರು ನಗುತ್ತ ಪಕ್ಕದ ಖಾಲಿ ಕುರ್ಚಿಯತ್ತ ತಿರುಗುವುದುಂಟು... ಆಮೇಲೆ ನನ್ನ ಕುದುರೆಯನ್ನು ಎತ್ತಿಕೊಳ್ಳುತ್ತಾರೆ.